ಹೇನ್, ಹಿನ್ನಾಮ್, ಹನ್ನೂನ್

"ಕೇಳಿರಿ, ತೆರೆಕಾಡನ್ನು ಆಳುವ ಬಿಜ್ಜರಸರ ಅಪ್ಪಣೆ. ರಾಜಕುಮಾರಿ ಚಂದಲೆಯ ಮೂರು ಒಗಟು ಬಿಡಿಸಿದವನಿಗೆ ಅವಳೊಡನೆ ಮದುವೆ, ಅರ್ಧ ರಾಜ್ಯ. ತಪ್ಪಿದವನಿಗೆ ಅಮಾವಾಸ್ಯೆಯ ದಿನ ತಲೆದಂಡ. ಒಗಟಿಗೆ ನಿಲ್ಲದವನು ಸಭೆಯಲ್ಲಿ ಬಾಯಿ ತೆರೆಯಕೂಡದು."

ಡಂಗುರದವನು ಇದನ್ನು ಬೀದಿ ಬೀದಿಯಲ್ಲಿ ಸಾರಿದ.

ಎಲ್ಲಕ್ಕೂ ಕಾರಣ ಒಬ್ಬ ಯೆಹೂದಿ ವರ್ತಕ. ಆ ಮುದುಕ ಮಳೆಗಾಲವಿಡೀ ಬಂದರಿನಲ್ಲಿ ಉಳಿದು ಚಂದಲೆಗೆ ತನ್ನ ಹೀಬ್ರೂ ಭಾಷೆ ಕಲಿಸಿದ್ದ. ಹೊರಡುವಾಗ ರಾಜ, "ಏನು ಕೊಡಲಿ?" ಎಂದರೆ, "ಹಿನ್ನಾಮ್" ಎಂದು ನಕ್ಕು ಹಡಗು ಹತ್ತಿದ. ಅದು ಬೆಲೆಯೋ ಬೈಗುಳವೋ ರಾಜನಿಗೆ ತಿಳಿಯಲಿಲ್ಲ. ಮಗಳನ್ನು ಕೇಳಿದ. "ಅದನ್ನು ಯಾರು ಅರ್ಥಮಾಡಿಕೊಳ್ಳುತ್ತಾರೋ ಅವರನ್ನೇ ಮದುವೆಯಾಗುತ್ತೇನೆ" ಎಂದಳು. ತಲೆದಂಡ ಸೇರಿಸಿದ್ದು ರಾಜ. ತಲೆ ಹೋಗದ ಸ್ಪರ್ಧೆಗೆ ಮರ್ಯಾದೆಯಿಲ್ಲ ಎಂಬುದು ಅವನ ಅಭಿಪ್ರಾಯ.

ಮೊದಲ ಒಗಟು ಹೀಗಿತ್ತು: "ವರ್ತಕನ ಭಾಷೆಯಲ್ಲಿ ಇದರ ಹೆಸರು ಹೇನ್. ನಿನಗೆ ಬೇಕಾದದ್ದು, ಆದರೆ ನಿನಗೆ ನೀನೇ ಹುಡುಕಿಕೊಳ್ಳಲಾರೆ. ಇನ್ನೊಬ್ಬರ ಕಣ್ಣಲ್ಲೇ ಅದು ಸಿಗಬೇಕು. ಏನದು?"

ನೆರೆರಾಜ್ಯದ ಯುವರಾಜ, "ನನ್ನ ಪ್ರತಿಬಿಂಬ" ಎಂದ. ಅವನಿಗೆ ಅದು ಸಹಜವಾಗಿಯೇ ಹೊಳೆದಿತ್ತು. ಅವನನ್ನು ಸೆರೆಗೆ ಒಯ್ದರು.

ಆಮೇಲೆ ಬಂದವನು ಉಪ್ಪಿನಗದ್ದೆಯ ಆಳು ಕುಂಜ. "ಇದೇನು ದೊಡ್ಡ ಮಾತು ತಾಯೀ? ಹೆಸರಲ್ಲೇ ಇದೆಯಲ್ಲ, ಹೇನು. ನಮ್ಮ ತಲೆಯದ್ದು ನಮಗೆ ಕಾಣುವುದಿಲ್ಲ, ಇನ್ನೊಬ್ಬರು ಕೂತು ನೋಡಬೇಕು."

"ಬೇಕಾದದ್ದು ಎಂದೆನಲ್ಲ. ಹೇನು ಯಾರಿಗೆ ಬೇಕು?"

ಕುಂಜ ಅಷ್ಟು ದೂರ ಯೋಚಿಸಿರಲಿಲ್ಲ. ಸಭೆ ನಕ್ಕಿತು. ಅವನನ್ನೂ ಒಯ್ದರು.

ಸುದ್ದಿ ಕೇಳಿ ಅವನ ತಮ್ಮ ದೂಮ ಅರಮನೆಗೆ ಓಡಿಬಂದ. ಅವನಿಗೆ ರಾಜಕುಮಾರಿಯೂ ಬೇಡ, ರಾಜ್ಯವೂ ಬೇಡ. ಅಣ್ಣನನ್ನು ಬಿಡಿ ಎಂದು ಕೇಳಬೇಕಿತ್ತು, ಕೇಳಲು ಬಾಯಿ ತೆರೆಯಬೇಕಿತ್ತು, ಬಾಯಿ ತೆರೆಯಲು ಒಗಟಿಗೆ ನಿಲ್ಲಬೇಕಿತ್ತು.

ಬಾಗಿಲ ಕಾವಲುಗಾರ ಅವನನ್ನು ಮೇಲಿಂದ ಕೆಳಗೆ ನೋಡಿದ. "ಹೇನಿನವನ ತಮ್ಮನಾ?"

"ಹೌದು."

"ಮೈಯೆಲ್ಲ ಕೆಸರು. ಇಂಥವರನ್ನು ಬಿಡಬಾರದು ಅಂತ ಅಪ್ಪಣೆ ಇದೆ." ಬಾಗಿಲಿಂದ ಪಕ್ಕಕ್ಕೆ ಸರಿದು, "ಹೋಗು ಮಾರಾಯ, ಬೇಗ ಹೋಗು" ಎಂದ.

ಒಳಗೆ ಆಸ್ಥಾನ ಪಂಡಿತ ಮೊದಲನೆಯದನ್ನು ದಾಟಿ ಎರಡನೆಯದರ ಮುಂದೆ ನಿಂತಿದ್ದ. ಉತ್ತರ ಗೊತ್ತಿಲ್ಲ, ಗೊತ್ತಿಲ್ಲವೆಂದು ಹೇಳಿ ಅಭ್ಯಾಸವಿಲ್ಲ. ಒಂದು ಮಾತೂ ಆಡದೆ ನಿಂತ. ಹೊತ್ತು ಮೀರಿತೆಂದು ಅವನನ್ನೂ ಎಳೆದೊಯ್ದರು.

ಚಂದಲೆ ದೂಮನಿಗೆ ಮೊದಲ ಒಗಟು ಹೇಳಿದಳು. ದೂಮನಿಗೆ ಯಾವ ಭಾಷೆಯೂ ಬಾರದು, ಕನ್ನಡವೂ ಅಷ್ಟಕ್ಕಷ್ಟೇ.

"ಆ ಮಾತಿಗೆ ಏನಂತಾರೋ ಗೊತ್ತಿಲ್ಲ ತಾಯೀ. ಈಗ ಬಾಗಿಲಲ್ಲಿ ಒಬ್ಬರು ನನ್ನನ್ನು ಒಳಗೆ ಬಿಟ್ಟರು. ಬಿಡುವಂಥದ್ದು ನನ್ನಲ್ಲಿ ಏನೂ ಇರಲಿಲ್ಲ. ಅವರ ಕಣ್ಣಲ್ಲಿ ಏನೋ ಇತ್ತು. ದಯೆ ಅನ್ನಿ."

"ಸರಿ" ಎಂದಳು ಚಂದಲೆ. ಬಾಗಿಲಲ್ಲಿ ಕಾವಲುಗಾರ ಬೇರೆ ಕಡೆ ನೋಡತೊಡಗಿದ.

"ಎರಡನೆಯದು. ಹೇನ್ ಇದ್ದ ಬೇರಿನಿಂದಲೇ ಹುಟ್ಟಿದ ಮಾತು, ಹಿನ್ನಾಮ್. ಹಾಗೆ ಹೊಡೆದರೆ ಅನ್ಯಾಯ. ಹಾಗೆ ದುಡಿದರೆ ದಂಡ. ಹಾಗೆ ಕೊಟ್ಟರೆ ಮಾತ್ರ ಅದಕ್ಕಿಂತ ದೊಡ್ಡದಿಲ್ಲ. ಹೇಗೆ?"

ಪಂಡಿತ ನಿಂತಿದ್ದ ಜಾಗವನ್ನು ದೂಮ ನೋಡಿದ. "ಈಗ ಹೋದರಲ್ಲ, ಅವರ ಉತ್ತರ ಸರಿಯಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ."

"ಏನು?"

"ಸುಮ್ಮನೆ."

ರಾಜ ಮುಂದಕ್ಕೆ ಬಾಗಿದ. "ಆ ಮುದುಕ ಹೇಳಿದ್ದು ಇಷ್ಟೇಯೋ? ಸುಮ್ಮನೆ ಕಲಿಸಿದೆ ಎಂದೋ?"

"ಇಷ್ಟೇ ಅಪ್ಪಾಜಿ" ಎಂದಳು ಚಂದಲೆ. "ಮೂರನೆಯದು. ಹೇನ್ ಇರುವವನು, ಹಿನ್ನಾಮ್ ಕೊಡುವವನು, ಅವನಿಗೆ ಹನ್ನೂನ್ ಎನ್ನುತ್ತಾರೆ. ಈ ಸಭೆಯಲ್ಲಿ ಹನ್ನೂನ್ ಯಾರು?"

ಮಂತ್ರಿ ಕೆಮ್ಮಿ ಸಿಂಹಾಸನದ ಕಡೆ ಕಣ್ಣು ಹಾಯಿಸಿದ. ರಾಜ ಕಿರೀಟ ಸರಿಮಾಡಿಕೊಂಡ. ಇಷ್ಟು ಸುಲಭದ ಒಗಟು ಇನ್ನೊಂದಿರಲಿಲ್ಲ.

ದೂಮ ಸಭೆಯನ್ನೆಲ್ಲ ನೋಡಿದ. "ಬಾಗಿಲಲ್ಲಿ ಒಬ್ಬರಿರಬಹುದು. ಸಭೆಯೊಳಗೆ ಯಾರೂ ಇಲ್ಲ."

"ಅರಸರು?" ಎಂದ ಮಂತ್ರಿ.

"ಉತ್ತರ ಕೊಟ್ಟರೆ ರಾಜ್ಯ, ತಪ್ಪಿದರೆ ತಲೆ. ಅದು ವ್ಯಾಪಾರ ಸ್ವಾಮೀ. ಸಂತೆಯಲ್ಲೂ ಹಾಗೇ."

ಮಂತ್ರಿ ಕುಳಿತ.

"ಸರಿ" ಎಂದಳು ಚಂದಲೆ. "ವರ್ತಕನ ಜನರ ಗ್ರಂಥದಲ್ಲಿ ಆ ಹೆಸರು ದೇವರಿಗೇ ಮೀಸಲಂತೆ. ಮನುಷ್ಯರಲ್ಲಿ ಹುಡುಕಿ ಸಾಕಾಗಿತ್ತೋ ಏನೋ."

ಮೂರೂ ಮುಗಿದವು. "ಅರ್ಧ ರಾಜ್ಯ ನಿನ್ನದು" ಎಂದ ರಾಜ, ಅಷ್ಟೇನೂ ಖುಷಿಯಿಲ್ಲದೆ.

"ಅದು ನಿಮ್ಮಲ್ಲೇ ಇರಲಿ. ಅದರ ಬದಲು ನಮ್ಮ ಅಣ್ಣನನ್ನು ಬಿಟ್ಟುಬಿಡಿ."

ಚಂದಲೆ ತಲೆಯಾಡಿಸಿದಳು. "ಈಗ ನೀನೂ ವ್ಯಾಪಾರಕ್ಕೆ ಇಳಿದೆ."

ದೂಮ ಒಂದು ಕ್ಷಣ ಯೋಚಿಸಿದ. ಕೈಯಲ್ಲಿದ್ದ ಒಂದೇ ಬೆಲೆಯೂ ಹೋಯಿತು. ರಾಜನ ಕಡೆ ತಿರುಗಿ ಹೇಳಿದ: "ಹಾಗಾದರೆ ಬದಲು ಏನೂ ಇಲ್ಲ. ಅಣ್ಣನನ್ನು ಬಿಡಿ."

"ಅವನು ತಪ್ಪು ಉತ್ತರ ಕೊಟ್ಟಿದ್ದಾನೆ."

"ಕೊಟ್ಟಿದ್ದಾನೆ."

"ಮತ್ತೆ ಯಾಕೆ ಬಿಡಬೇಕು?"

"ಯಾಕೂ ಇಲ್ಲ."

ರಾಜ ಕೆಸರು ಮೆತ್ತಿದ ಆ ಕಾಲುಗಳನ್ನು, ಆಮೇಲೆ ಆ ಮುಖವನ್ನು ನೋಡಿದ. ಇಷ್ಟು ಕಾಲ ಆಳಿದವನಿಗೆ ಕಾರಣವಿಲ್ಲದೆ ತಲೆ ತೆಗೆಸಿ ಗೊತ್ತಿತ್ತು. ಕಾರಣವಿಲ್ಲದೆ ಬಿಡುವುದನ್ನು ಒಮ್ಮೆ ಮಾಡಿ ನೋಡುವ ಎನ್ನಿಸಿತು.

"ಬಿಡಿ" ಎಂದ. "ಮೂವರನ್ನೂ."

"ಏನು ಕಾರಣವೆಂದು ಸಾರಿಸಲಿ ಪ್ರಭು?" ಎಂದ ಮಂತ್ರಿ.

"ನಿನಗೆ ಈ ಬೆಳಗಿನಿಂದ ಏನೂ ಕೇಳಿಸಲಿಲ್ಲವೇನಯ್ಯಾ?"

ಕುಂಜ ಕಣ್ಣುಜ್ಜುತ್ತಾ ಹೊರಬಂದು ತಮ್ಮನ ಪಕ್ಕ ನಿಂತ. ಚಂದಲೆ, "ಮದುವೆಗೆ ನನ್ನ ಒಪ್ಪಿಗೆಯಿದೆ. ಇವನನ್ನೂ ಒಂದು ಮಾತು ಕೇಳಿ" ಎಂದಳು. ದೂಮ ಬಾಯಿ ತೆರೆಯುವ ಮುಂಚೆ ಕುಂಜ ಅವನ ಪಕ್ಕೆ ತಿವಿದ. "ಹೂಂ ಅನ್ನೋ, ಹೆಡ್ಡ."

ದೂಮ ಹೂಂ ಎಂದ.

ಬೇಡವೆಂದಿದ್ದ ಅರ್ಧ ರಾಜ್ಯವೂ ಮದುವೆಯ ಜೊತೆಗೇ ಬಂತು. ಅವನು ಕಡಲ ಕಡೆಯದನ್ನು ಆರಿಸಿಕೊಂಡ. ಆ ವರ್ಷ ಉಪ್ಪು ಚೆನ್ನಾಗಿ ಬಂತು. ಹೊಸ ಅರಸನ ಪುಣ್ಯವೆಂದು ಜನ ಹೊಗಳಿದರು. ಪುಣ್ಯವೇನೂ ಇರಲಿಲ್ಲ. ಬಿಸಿಲು ಚೆನ್ನಾಗಿತ್ತು.