ಹೊಸ ನೀರು ತುಂಬಿದ ಶೀಶೆ

"ಗುರುಗಳೇ, ಮೂವರು ಹಿರಿಯರ ಹತ್ತಿರ ಹೋಗಿ ಬಂದೆ. ಎಷ್ಟು ಜನರ ನಡುವೆ ಕೂತರೂ ಒಬ್ಬನೇ ಅನ್ನಿಸುತ್ತದೆ, ಮನಸ್ಸು ಬಾಡುತ್ತಿದೆ ಎಂದೆ. ನನ್ನ ಮಾತೆಲ್ಲ ಕೇಳಿ ಮೂವರೂ, ನಿನ್ನಲ್ಲಿ ಏನೂ ದೋಷವಿಲ್ಲ ಎಂದರು. ನನ್ನನ್ನು ಸರಿಯಾಗಿ ಪರೀಕ್ಷೆ ಮಾಡುವವರು ಯಾರು?"

ಹೀಗೆ ಕೇಳಿದ ಶಿಷ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಓಹೋ, ಮೂವರು ಸಾಲದೆ ನಾಲ್ಕನೆಯವನಾಗಿ ನಾನು ಸಿಕ್ಕಿದೆನೋ? ಸರಿ, ಕೂತುಕೋ. ನಡುವೆ ಬಾಯಿ ಹಾಕಬೇಡ," ಎಂದು ಕತೆ ಶುರುಮಾಡಿದರು.

ಸಮುದ್ರದಿಂದ ಬಹಳ ದೂರದ ಊರಿನಲ್ಲಿ ಕನ್ನಡಕ ಮಾರುವ ಒಬ್ಬ ವ್ಯಾಪಾರಿ ಇದ್ದ. ಅವನ ಮನೆಯಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ. ಅದರಲ್ಲಿ ಉಪ್ಪುನೀರು, ನೀರಿನಲ್ಲಿ ಹವಳಗಳು. ಹವಳವೆಂದರೆ ಉಂಗುರದಲ್ಲಿ ಕೂರಿಸುವ ಕಲ್ಲು ಅಂದುಕೊಂಡೆಯೇನೋ! ಅಲ್ಲಪ್ಪ, ಅದು ಪ್ರಾಣಿ. ಉಣ್ಣುತ್ತದೆ, ಬೆಳೆಯುತ್ತದೆ, ಸಾಯುತ್ತದೆ. ಅದನ್ನು ಸಾಕುವ ಆಸೆ ವ್ಯಾಪಾರಿಯದಲ್ಲ, ಅವನ ಹೆಂಡತಿಯದು. ಅವಳು ದಿನವೂ ಮೊಣಕೈವರೆಗೆ ಕೈ ಇಳಿಸಿ ಹವಳಗಳಿಗೆ ಉಣಿಸುತ್ತಿದ್ದಳು. ಇವನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಅಂಗಡಿಯ ಸುದ್ದಿ ಹೇಳುತ್ತಿದ್ದ.

ಅವಳು ತೀರಿಕೊಂಡಳು. ಮಕ್ಕಳಿರಲಿಲ್ಲ. ವ್ಯಾಪಾರಿ ಅದೇ ಸ್ಟೂಲಿನ ಮೇಲೆ ಕೂತು ಅಂಗಡಿಯ ಸುದ್ದಿಯನ್ನು ಹವಳಗಳಿಗೆ ಹೇಳತೊಡಗಿದ. ಕೇಳುವವರು ಬೇರೆ ಯಾರಿದ್ದರು, ಪಾಪ?

ಕೆಲವು ತಿಂಗಳಲ್ಲಿ ಹವಳಗಳು ಬಿಳಚಿಕೊಂಡವು. ಒಂದೊಂದಾಗಿ ಸತ್ತವು. ಕೊನೆಗೆ ಉಳಿದದ್ದು ಒಂದೇ, ಅವಳು ಮೊಟ್ಟಮೊದಲು ತಂದ ನೇರಳೆ ಬಣ್ಣದ್ದು. ಇದೂ ಹೋದರೆ ಮನೆಯಲ್ಲಿ ಉಸಿರಾಡುವವನು ನಾನೊಬ್ಬನೇ ಎಂದು ವ್ಯಾಪಾರಿಗೆ ಹೆದರಿಕೆಯಾಯಿತು.

ನೀರಿನಲ್ಲಿ ಕೆಲವು ಅಂಶಗಳು ಇದ್ದೂ ಇಲ್ಲದಷ್ಟು ಇರುತ್ತವೆ. ಅಯೋಡಿನ್ ಕಡಿಮೆಯಾದರೂ ಹವಳಕ್ಕೆ ಕಷ್ಟ, ತಾಮ್ರ ಹೆಚ್ಚಾದರೂ ಕಷ್ಟ. ಅದು ಕಣ್ಣಿಗೆ ಕಾಣುವುದಿಲ್ಲ, ಲ್ಯಾಬಿಗೇ ಕಳಿಸಬೇಕು. ವ್ಯಾಪಾರಿ ಒಂದು ಲ್ಯಾಬಿಗೆ ಶೀಶೆಯಲ್ಲಿ ನೀರು ಕಳಿಸಿದ. ಎಲ್ಲ ಸರಿಯಿದೆ ಎಂದು ವರದಿ ಬಂತು. ಇವರು ನಾಲ್ಕೈದು ಅಂಶ ಮಾತ್ರ ನೋಡುತ್ತಾರೆ ಎಂದು, ಎಲ್ಲ ಲೋಹಗಳನ್ನೂ ನೋಡುವ ಲ್ಯಾಬಿಗೆ ಕಳಿಸಿದ. ಅಲ್ಲೂ ಅದೇ ಮಾತು. ಆಮೇಲೆ ಅವರಿವರನ್ನು ವಿಚಾರಿಸಿ, ಎಲ್ಲಕ್ಕಿಂತ ಸೂಕ್ಷ್ಮ ಯಂತ್ರ ಇರುವ ಲ್ಯಾಬನ್ನು ಹುಡುಕಿ ಕಳಿಸಿದ. ಅವರೂ ನೀರು ಚೆನ್ನಾಗಿದೆ ಎಂದರು. ಹವಳ ಮಾತ್ರ ದಿನದಿನಕ್ಕೆ ಸೊರಗುತ್ತಿತ್ತು. ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತು. ಮೂರನೆಯ ಲ್ಯಾಬಿಗೆ ಫೋನ್ ಮಾಡಿದ. ಎತ್ತಿಕೊಂಡದ್ದು ನೀರು ಪರೀಕ್ಷಿಸಿದ ಹೆಂಗಸು.

"ನಿಮ್ಮ ಯಂತ್ರ ಕೆಟ್ಟಿದೆಯೇನಮ್ಮಾ? ನನ್ನ ಹವಳ ಸಾಯುತ್ತಿದೆ!"

"ಶೀಶೆಗೆ ನೀರು ತುಂಬಿದ್ದು ಯಾವಾಗ ಸರ್?"

"ತೊಟ್ಟಿಯ ನೀರು ಬದಲಾಯಿಸಿದ ಕೂಡಲೇ. ಹೊಸ ನೀರು ಸುರಿದ ಮೂಲೆಯಲ್ಲೇ ಅದ್ದಿ ತುಂಬಿದೆ. ಪ್ರತಿಸಲವೂ ಹಾಗೆಯೇ. ಕೊಳೆ ನೀರು ಕಳಿಸಿದರೆ ನೋಡಿದವರು ಏನಂದುಕೊಳ್ಳುತ್ತಾರೆ? ಹೆಂಡತಿ ಹೋದ ಮೇಲೆ ಎಲ್ಲ ಪಾಳು ಬಿಟ್ಟಿದ್ದಾನೆ ಅನ್ನುವುದಿಲ್ಲವೇ?"

"ಸರ್, ಹವಳ ಬದುಕಿರುವ ನೀರನ್ನೇ ಕಳಿಸಿ," ಎಂದಳು.

ನಗಬೇಡ. ಯಾರೋ ಬರುತ್ತಾರೆಂದರೆ ಒದ್ದೆ ಟವೆಲನ್ನು ಮಂಚದ ಕೆಳಗೆ ತಳ್ಳುವವರೇ ನಾವೆಲ್ಲ.

ವ್ಯಾಪಾರಿ ಈ ಸಲ ಹಳೆಯ ನೀರನ್ನೇ ಕಳಿಸಿದ. ಆಕೆಯೇ ಫೋನ್ ಮಾಡಿದಳು. "ನೀರಿನಲ್ಲಿ ತಾಮ್ರ ತುಂಬಾ ಇದೆ ಸರ್. ಹವಳಕ್ಕೆ ಅದು ವಿಷ. ತೊಟ್ಟಿಯೊಳಗೆ ತಾಮ್ರದ್ದು ಏನಾದರೂ ಬಿದ್ದಿದೆಯೇ?"

ವ್ಯಾಪಾರಿ ಫೋನ್ ಇಟ್ಟ. ಬಿದ್ದಿರಲಿಲ್ಲ, ಅವನೇ ಇಟ್ಟಿದ್ದ. ಕೀಲುನೋವಿಗೆಂದು ಅವನ ಹೆಂಡತಿ ತಾಮ್ರದ ಬಳೆ ಹಾಕಿಕೊಳ್ಳುತ್ತಿದ್ದಳು. ಹವಳಕ್ಕೆ ಉಣಿಸುವಾಗ ಮಾತ್ರ ಅದನ್ನು ತೆಗೆದು ಕಿಟಕಿಯ ಮೇಲಿಡುತ್ತಿದ್ದಳು. ಯಾಕೆಂದು ಇವನು ಒಂದು ದಿನವೂ ಕೇಳಿರಲಿಲ್ಲ. ಅವಳು ಹೋದ ಮೇಲೆ, ಅವಳ ಕೈ ಆಡಿದ ನೀರಿನಲ್ಲಿ ಅವಳದೊಂದು ಇರಲಿ ಎಂದು ಆ ಬಳೆಯನ್ನು ಕಲ್ಲುಗಳ ಹಿಂದೆ ಬಚ್ಚಿಟ್ಟಿದ್ದ. ನೋಡಿದವರು ಹುಚ್ಚ ಅಂದಾರು ಎಂದು ಯಾರಿಗೂ ಹೇಳಿರಲಿಲ್ಲ.

ಅಂಗಿಯ ತೋಳು ಮಡಿಸಿ ತೊಟ್ಟಿಯೊಳಗೆ ಕೈ ಇಳಿಸಿದ. ಬಳೆ ಹಸಿರುಗಟ್ಟಿತ್ತು. ಅದನ್ನು ಹಿಡಿದು ಸ್ಟೂಲಿನ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತ. ಆಮೇಲೆ ಬಳೆ ಒರೆಸಿ ಕಿಟಕಿಯ ಮೇಲಿಟ್ಟ. ಆ ಹೆಂಗಸಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ. ಹೆಂಡತಿ ಹೋದ ಮೇಲೆ ಅವಳ ಬಗ್ಗೆ ಅವನು ಮನುಷ್ಯರೊಂದಿಗೆ ಮನಸ್ಸು ಬಿಚ್ಚಿ ಆಡಿದ ಮೊದಲ ಮಾತು ಅದು. ಹವಳದಲ್ಲಿ ಹೆಚ್ಚಿನದೆಲ್ಲ ಸತ್ತಿತ್ತು. ಒಂದು ಮೂಲೆ ಮಾತ್ರ ಉಳಿದುಕೊಂಡಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಅಂಗಿಯ ತೋಳು ಸರಿಮಾಡಿಕೊಂಡ. "ಹಾಗಾದರೆ ಮೂರನೆಯ ಲ್ಯಾಬೇ ಒಳ್ಳೆಯದು ಅಂತಾಯಿತು, ಅಲ್ಲವೇ ಗುರುಗಳೇ?"

"ಮೂರೂ ಒಳ್ಳೆಯವೇ ಕಣಯ್ಯಾ, ಈಗ ನೀನು ನನ್ನ ಮುಂದೆ ತಂದಿಟ್ಟಿರುವುದು ಯಾವ ನೀರು, ಅದನ್ನು ಹೇಳು."