ಕೈಗೆಟುಕದ ತಟ್ಟೆಗಳು

“ರೋಗವಿಲ್ಲ ಎಂದರು, ಗುರುಗಳೇ. ಹಾಗಾದರೆ ನನ್ನ ಮೈಯಲ್ಲಿ ಆಗುತ್ತಿರುವುದೇನು?”

ಕೇಳಿದವಳು ನೀಲಾಂಬಿಕೆ. ಮಠದ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಗಣಿತ ಹೇಳಿಕೊಡುವವಳು. ವಯಸ್ಸು ಮೂವತ್ತೊಂಬತ್ತು.

“ಕ್ರಮವಾಗಿ ಹೇಳು. ಅಳುವುದಿದ್ದರೆ ಹೇಳಿ ಮುಗಿಸಿದ ಮೇಲೆ ಅಳು,” ಎಂದರು ಗುರುಗಳು.

ಅವಳು ಹೇಳಿದಳು. ಏಳು ತಿಂಗಳಿಂದ ಮುಟ್ಟು ಹೊತ್ತು ತಪ್ಪಿದೆ. ಬಾಚಣಿಗೆಯ ತುಂಬ ಕೂದಲು ಬರುತ್ತದೆ. ಕುಳಿತಲ್ಲಿಯೇ ಮೈ ಕಾದು ಬೆವರುತ್ತದೆ. ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತದೆ.

“ವೈದ್ಯರು?”

“ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ನೋಡಿದರು. ಹಾರ್ಮೋನು ನೋಡಿದರು. ಸ್ಕ್ಯಾನ್ ಮಾಡಿಸಿದರು. ಎಲ್ಲವೂ ಸರಿಯಾಗಿದೆ, ಹೆದರಬೇಡಿ, ಮೂರು ತಿಂಗಳ ಮೇಲೆ ಬನ್ನಿ ಎಂದರು. ಮನಸ್ಸು ನಿಲ್ಲಲಿಲ್ಲ. ಇನ್ನೊಬ್ಬರಲ್ಲಿಗೆ ಹೋದೆ. ಅವರೂ ಅದನ್ನೇ ಹೇಳಿದರು. ಮೂರನೆಯವರೂ ಅದನ್ನೇ ಹೇಳಿದರು.”

“ಈಗ?”

“ನಾಳೆ ನಾಲ್ಕನೆಯವರಲ್ಲಿಗೆ ಹೋಗಬೇಕು. ಅಪ್ಪಣೆಯಾಗಬೇಕು.”

“ಪಾಠ?”

ಅವಳು ತಲೆ ತಗ್ಗಿಸಿದಳು. ಹದಿನೈದು ದಿನದಿಂದ ತರಗತಿಗೆ ಹೋಗಿರಲಿಲ್ಲ. ಹಲಗೆಯ ಮೇಲೆ ಲೆಕ್ಕ ಬರೆಯುವಾಗ ಎದೆ ಹೊಡೆದುಕೊಂಡರೆ ಮಕ್ಕಳ ಮುಂದೆ ಬಿದ್ದುಬಿಟ್ಟೇನು ಎಂಬ ಭಯ. ಆ ಮಾತನ್ನೂ ಹೇಳಿದಳು. ಹೇಳುತ್ತಿದ್ದಾಗ ಅವಳ ಬಲಗೈಯ ಎರಡು ಬೆರಳು ಎಡಗೈಯ ಮಣಿಕಟ್ಟಿನ ಮೇಲಿದ್ದವು. ಮಾತು ನಿಂತಾಗಲೆಲ್ಲ ತುಟಿ ಎಣಿಸುತ್ತಿತ್ತು.

ಗುರುಗಳು ಅದನ್ನು ನೋಡಿದರು.

“ನಿನ್ನ ಸಂಕಟ ಸುಳ್ಳಲ್ಲ,” ಎಂದರು. “ಮೈ ಹೇಳುವುದನ್ನು ಬರಿಯ ಭ್ರಮೆ ಎಂದು ನಾನು ತಳ್ಳಿಹಾಕುವುದಿಲ್ಲ. ಒಂದು ಕತೆ ಇದೆ. ನೇರವಾಗಿ ಕುಳಿತು ಕೇಳು.”

ಒಬ್ಬ ರೈತ ಹೆಂಗಸು ಹೊಸದಾಗಿ ರೇಷ್ಮೆಹುಳು ಸಾಕಲು ತೊಡಗಿದಳು. ಅವಳ ಮನೆಯಲ್ಲಿ ಯಾರೂ ಅದುವರೆಗೆ ಆ ಕೆಲಸ ಮಾಡಿದವರಲ್ಲ. ಮೊಟ್ಟೆಯಿಂದ ಮರಿ ಮಾಡಿಸುವುದು ಅವಳಿಗೆ ತಿಳಿಯದು. ಆದ್ದರಿಂದ ಮರಿಹುಳು ಬೆಳೆಸಿ ಮಾರುವವರಿಂದ ಎಂಟು ದಿನದ ಹುಳುಗಳನ್ನು ತಂದಳು. ಹನ್ನೆರಡು ಬಿದಿರು ತಟ್ಟೆಗಳಲ್ಲಿ ಹರಡಿದಳು. ತಟ್ಟೆಗಳನ್ನು ಅಂತಸ್ತುಗಳಾಗಿ ಜೋಡಿಸಿದಳು. ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿದಳು. ಹುಳುಗಳು ತಿಂದವು. ತಿನ್ನುವ ಸದ್ದು ಕೋಣೆಯ ಹೊರಗೂ ಕೇಳುತ್ತಿತ್ತು. ಅವಳಿಗೆ ಅದು ಹಿತವಾಗಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಸದ್ದು ನಿಂತಿತು.

ಒಂದು ಹುಳುವೂ ಸೊಪ್ಪು ಮುಟ್ಟಲಿಲ್ಲ. ಎಲ್ಲವೂ ತಲೆಯನ್ನು ಮೇಲಕ್ಕೆತ್ತಿ ಹಾಗೆಯೇ ನಿಂತಿದ್ದವು. ಮೈ ಬಿಗಿದುಕೊಂಡಿತ್ತು. ಬಣ್ಣ ಮಂಕಾಗಿತ್ತು.

ಊರಿನಲ್ಲಿ ಹುಳುವಿನ ಕೆಲಸ ಬಲ್ಲ ಮುದುಕನೊಬ್ಬನಿದ್ದ. ಅವಳು ಓಡಿಹೋಗಿ ಕರೆತಂದಳು. ಅವನಿಗೆ ಅಂದು ಇನ್ನೂ ಐದು ಮನೆಗಳಿಗೆ ಹೋಗುವುದಿತ್ತು. ತಟ್ಟೆಗಳ ಮೇಲೆ ಕಣ್ಣಾಡಿಸಿದ. ನಾಲ್ಕಾರು ಕಡೆ ಬಾಗಿ ನೋಡಿದ.

“ರೋಗ ಏನೂ ಇಲ್ಲ ತಾಯಿ. ಸುಮ್ಮನಿರು,” ಎಂದು ಬಾಗಿಲಿಗೆ ನಡೆದ.

“ರೋಗವಿಲ್ಲದಿದ್ದರೆ ತಿನ್ನುತ್ತಿಲ್ಲ ಯಾಕೆ ತಾತ?”

“ತಿನ್ನುತ್ತವೆ, ತಿನ್ನುತ್ತವೆ,” ಎನ್ನುತ್ತ ಅವನು ಚಪ್ಪಲಿ ಮೆಟ್ಟಿ ಹೊರಟುಹೋದ.

ಅವನು ಹೇಳಿದ್ದು ನಿಜ. ಆದರೆ ಅವಳ ಕಣ್ಣ ಮುಂದೆ ಇದ್ದದ್ದೂ ನಿಜ. ಎರಡು ನಿಜಗಳು ಒಂದಕ್ಕೊಂದು ಹೊಂದಲಿಲ್ಲ. ಅವಳು ಅಕ್ಕಪಕ್ಕದ ಮನೆಗಳಲ್ಲಿ ಕೇಳಿದಳು. ಒಬ್ಬಳು ಬೂಷ್ಟಿನ ರೋಗ ಎಂದಳು. ಒಬ್ಬಳು ಸೊಪ್ಪಿಗೆ ಹೊಡೆದ ಔಷಧಿಯ ವಿಷ ಎಂದಳು. ಮೂರನೆಯವಳು, “ಅಯ್ಯೋ, ನಮ್ಮವೂ ಹೀಗೇ ತಲೆ ಎತ್ತಿಕೊಂಡೇ ಹೋದವು ಕಣೇ,” ಎಂದಳು. ಒಬ್ಬಳೂ ತನಗೆ ಗೊತ್ತಿಲ್ಲ ಎನ್ನಲಿಲ್ಲ.

ಅವಳು ಮನೆಗೆ ಬಂದಳು. ಮೊದಲನೆಯ ತಟ್ಟೆಯ ಮುಂದೆ ಕುಳಿತಳು. ಒಂದು ಹುಳುವನ್ನು ಎತ್ತಿ ಅಂಗೈಯ ಮೇಲಿಟ್ಟು ಮೆಲ್ಲಗೆ ಊದಿದಳು. ಅದು ತಲೆ ಆಡಿಸಿತು. ಬದುಕಿದೆ. ಅವಳಿಗೆ ಸಮಾಧಾನವಾಯಿತು. ಅದನ್ನು ತಿರುಗಿ ಸೊಪ್ಪಿನ ಮೇಲೆ ಇಡುವಷ್ಟು ಹೊತ್ತು ಆ ಸಮಾಧಾನ ಉಳಿಯಿತು. ಆಮೇಲೆ ಪಕ್ಕದ ಹುಳುವನ್ನು ಎತ್ತಿದಳು. ತಟ್ಟೆಯ ಕೊನೆಗೆ ಬರುವಷ್ಟರಲ್ಲಿ ಮೊದಲನೆಯ ಹುಳು ಇನ್ನೂ ಬದುಕಿದೆಯೇ ಎಂಬ ಸಂಶಯ ಹುಟ್ಟಿತು. ಮತ್ತೆ ಮೊದಲಿನಿಂದ ತೊಡಗಿದಳು.

ಹೀಗೆ ಹತ್ತು ತಟ್ಟೆಗಳನ್ನು ನೋಡಿದಳು. ಒಲೆ ಹಚ್ಚಲಿಲ್ಲ. ಹಸುವಿಗೆ ನೀರಿಡಲಿಲ್ಲ. ಗಂಡ ಊಟ ಕೇಳಿದರೆ, “ಇವು ಉಪವಾಸ ಇರುವಾಗ ನಿಮಗೆ ಊಟವೇ?” ಎಂದಳು. ಅವನು ಅವಲಕ್ಕಿ ನೆನೆಸಿಕೊಂಡು ತಿಂದ. ಎಲ್ಲಕ್ಕಿಂತ ಮೇಲಿನ ಎರಡು ತಟ್ಟೆಗಳು ಮಾತ್ರ ಅವಳ ಕೈಗೆಟುಕಲಿಲ್ಲ. ಏಣಿಯನ್ನು ಪಕ್ಕದ ಮನೆಯವರು ಹೆಂಚು ಸರಿಮಾಡಲು ಒಯ್ದಿದ್ದರು.

ಮರುದಿನ ಬೆಳಿಗ್ಗೆ ಮೇಲಿನ ಎರಡು ತಟ್ಟೆಗಳಿಂದ ಸದ್ದು ಬಂತು. ಏಣಿ ತರಿಸಿ ಹತ್ತಿ ನೋಡಿದಳು. ಹುಳುಗಳು ಹೊಸ ಚರ್ಮದಲ್ಲಿದ್ದವು. ಹಳೆಯ ಸೊಪ್ಪಿನ ದಂಟುಗಳನ್ನು ಕಡಿಯುತ್ತ ಆಹಾರ ಹುಡುಕುತ್ತಿದ್ದವು.

ಕೆಳಗಿನ ಹತ್ತು ತಟ್ಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಳುಗಳು ಹಳೆಯ ಚರ್ಮದಲ್ಲಿ ಸಿಕ್ಕಿಕೊಂಡಿದ್ದವು. ಕೆಲವಕ್ಕೆ ತಲೆ ಮಾತ್ರ ಹೊರಬಂದಿತ್ತು. ಕೆಲವಕ್ಕೆ ಬಾಲದ ಸುತ್ತ ಒಣಗಿದ ಚರ್ಮ ಉಂಗುರದಂತೆ ಬಿಗಿದಿತ್ತು. ಅವು ಉಳಿಯುವಂತಿರಲಿಲ್ಲ.

ಅವಳು ಮುದುಕನನ್ನು ಮತ್ತೆ ಕರೆತಂದಳು. ಈ ಸಲ ಅವನು ಚಪ್ಪಲಿ ಬಿಟ್ಟು ನೆಲದ ಮೇಲೆ ಕುಳಿತ. ಮೇಲಿನ ತಟ್ಟೆಯಿಂದ ಎಲೆಯ ಒಂದು ಚೂರನ್ನು ತೆಗೆಸಿ ಬೆಳಕಿಗೆ ಹಿಡಿದ. ಎಲೆಯ ಮೇಲೆ ಒಂದು ಖಾಲಿ ಚರ್ಮ ಅಂಟಿಕೊಂಡಿತ್ತು.

“ಚರ್ಮದ ಕೆಳಗೆ ನೋಡು. ಏನು ಕಾಣುತ್ತದೆ?”

“ದಾರ. ಕೂದಲಿಗಿಂತ ಸಣ್ಣ ದಾರ.”

“ಹುಳುವಿನ ಮೈ ಬೆಳೆಯುತ್ತದೆ, ಚರ್ಮ ಬೆಳೆಯುವುದಿಲ್ಲ. ಅದಕ್ಕೇ ಆಗಾಗ ತಿನ್ನುವುದನ್ನು ಬಿಟ್ಟು ಕೂರುತ್ತದೆ. ನಾವು ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಕೂರುವ ಮೊದಲು ಈ ದಾರ ಬಿಟ್ಟು ತನ್ನ ಕಾಲುಗಳನ್ನು ಎಲೆಗೆ ಕಟ್ಟಿಕೊಳ್ಳುತ್ತದೆ. ಆಮೇಲೆ ಚರ್ಮವನ್ನು ಅಲ್ಲಿಯೇ ಬಿಟ್ಟು ತಾನು ಮುಂದಕ್ಕೆ ನಡೆಯುತ್ತದೆ. ನೀನು ಎತ್ತಿ ನೋಡಿದಾಗ ದಾರ ಹರಿಯಿತು. ಹಿಡಿದು ನಿಲ್ಲಿಸುವ ದಾರವಿಲ್ಲದಿದ್ದರೆ ಹುಳು ಹೋದಲ್ಲಿಗೆ ಚರ್ಮವೂ ಹೋಗುತ್ತದೆ. ಕಳಚುವುದು ಹೇಗೆ?”

ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. “ನಾನೇ ಕೊಂದೆ, ತಾತ. ಕಾಪಾಡಬೇಕು ಎಂದುಕೊಂಡು ಒಂದೊಂದನ್ನೂ ಎತ್ತಿ ಎತ್ತಿ ಕೊಂದೆ.”

“ತಪ್ಪು ನಿನ್ನೊಬ್ಬಳದೇ ಅಲ್ಲ. ಇದರಲ್ಲಿ ನನ್ನ ಪಾಲೂ ಇದೆ,” ಎಂದ ಮುದುಕ. “ಏನಿಲ್ಲ ಎಂಬುದನ್ನು ಹೇಳಿ ಎದ್ದುಹೋದೆ. ಎಷ್ಟು ಹೊತ್ತು ಕಾಯಬೇಕು, ಏನು ಕಂಡರೆ ಕರೆಯಬೇಕು, ಎರಡನ್ನೂ ಹೇಳಲಿಲ್ಲ. ಹೆದರಿದವರಿಗೆ ಸುಮ್ಮನಿರು ಎಂದರೆ ಏನು ಹೇಳಿದಂತಾಯಿತು? ನೀನು ನನ್ನನ್ನು ಕರೆದದ್ದು ಸರಿ. ಇನ್ನೊಮ್ಮೆ ಹೆದರಿಕೆಯಾದರೆ ಇನ್ನೊಮ್ಮೆ ಕರೆ. ನಾಚಬೇಡ.”

ಅವಳು ಕಣ್ಣೊರೆಸಿಕೊಂಡಳು. “ಉಳಿದವು?”

“ಉಳಿದವು ಐದು ದಿನಕ್ಕೆ ಮತ್ತೆ ಕೂರುತ್ತವೆ. ಅದು ಕೊನೆಯ ಸಲ. ಈಗ ಹೇಳುವುದನ್ನು ಸರಿಯಾಗಿ ಕೇಳಿಸಿಕೋ. ಒಂದೂವರೆ ದಿನ ಹಿಡಿಯುತ್ತದೆ. ಬೆಳಿಗ್ಗೆ ಒಮ್ಮೆ ನೋಡು, ಸಂಜೆ ಒಮ್ಮೆ ನೋಡು. ನೋಡುವಾಗ ಎರಡೂ ಕೈ ಬೆನ್ನ ಹಿಂದೆ ಇರಲಿ. ತಟ್ಟೆ ಒಣಗಿರಬೇಕು. ಮೇಲೆ ಸುಣ್ಣದ ಪುಡಿ ಉದುರಿಸು. ಎರಡು ದಿನ ದಾಟಿದರೂ ಏಳದಿದ್ದರೆ ಕರೆ. ಮೈ ಊದಿ ಹೊಳೆಯುವ ಹುಳು ಕಂಡರೆ, ಅದರಿಂದ ಹಾಲಿನಂಥ ನೀರು ಒಸರಿದರೆ, ಆ ಕ್ಷಣವೇ ಕರೆ. ಉಣ್ಣುತ್ತಿದ್ದರೂ ಕೈ ತೊಳೆದು ಬರುತ್ತೇನೆ.”

“ನಡುವೆ ನಾನು ಏನು ಮಾಡಲಿ?”

“ತೋಟಕ್ಕೆ ಹೋಗಿ ಸೊಪ್ಪು ನೋಡಿಕೋ. ಎದ್ದ ಮೇಲೆ ಒಂದು ವಾರ ಅವು ಎಷ್ಟು ತಿನ್ನುತ್ತವೆ ಎಂಬುದನ್ನು ನೀನಿನ್ನೂ ಕಂಡಿಲ್ಲ. ಆಗ ಸೊಪ್ಪಿಲ್ಲದಿದ್ದರೆ ಯಾವ ರೋಗವೂ ಬೇಡ, ಹಸಿವೇ ಸಾಕು. ಹಾಗೆಯೇ ಒಲೆಯನ್ನೂ ಹಚ್ಚು. ನಿನ್ನ ಗಂಡ ಬಡವಾಗಿದ್ದಾನೆ.”

ಐದನೆಯ ದಿನ ಹುಳುಗಳು ಕುಳಿತವು. ಸದ್ದು ನಿಂತಿತು. ಅದೇ ಭಯ ಮತ್ತೆ ಬಂತು. ಕಾರಣ ಗೊತ್ತಾದ ಮಾತ್ರಕ್ಕೆ ಭಯ ಹೋಗಲಿಲ್ಲ. ಅವಳು ಬಾಗಿಲಲ್ಲಿ ನಿಂತಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೋಡಿದಳು. ಬಳಿಕ ಕದ ಮುಂದೆ ಮಾಡಿ ತೋಟಕ್ಕೆ ಹೋದಳು.

ಇಲ್ಲಿ ನೀಲಾಂಬಿಕೆ ಎರಡೂ ಅಂಗೈಗಳನ್ನು ನೆಲಕ್ಕೂರಿ ಮುಂದೆ ಬಾಗಿದಳು.

“ಒಂದನ್ನೂ ಮುಟ್ಟಿ ನೋಡಲಿಲ್ಲವೇ, ಗುರುಗಳೇ? ಒಂದೇ ಒಂದನ್ನು?”

“ಒಂದನ್ನು ಮುಟ್ಟಿದಳು. ಅವಳೇನು ಕಲ್ಲೇ? ಮುಟ್ಟಿದವಳು ಬೆಂಕಿ ತಾಕಿದಂತೆ ಕೈ ಹಿಂತೆಗೆದು, ಹೊರಗೆ ಬಂದು, ಬುಟ್ಟಿ ಎತ್ತಿಕೊಂಡು ಹೋದಳು. ತೋಟದಲ್ಲಿಯೂ ಭಯ ಅವಳ ಜೊತೆಗೇ ಇತ್ತು. ಭಯದ ಜೊತೆಗೇ ಸೊಪ್ಪು ಕೊಯ್ದಳು. ಸಾಲು ಮುಗಿಯುವವರೆಗೆ ಕೊಯ್ದಳು.”

“ಎದ್ದವೇ?”

“ಮರುದಿನ ಸಂಜೆ ಬಾಗಿಲು ತೆರೆದಾಗ ಹೆಚ್ಚಿನವು ಎದ್ದಿದ್ದವು. ಎಲ್ಲವೂ ಅಲ್ಲ. ಒಂದು ತಟ್ಟೆಯ ಮೂಲೆಯಲ್ಲಿ ಏಳೆಂಟು ಹುಳುಗಳು ಊದಿ ಹೊಳೆಯುತ್ತಿದ್ದವು. ಅವಳು ಅಳುತ್ತ ಕೂರಲಿಲ್ಲ, ಅಕ್ಕಪಕ್ಕದವರನ್ನೂ ಕೇಳಲಿಲ್ಲ. ಮುದುಕನನ್ನು ಕರೆದಳು. ಅವನು ಎಂಜಲು ಕೈ ತೊಳೆದು ಬಂದ. ರೋಗದ ಹುಳುಗಳನ್ನು ತೆಗೆದು ಸುಣ್ಣ ಹಾಕಿ ಹೂತ. ಉಳಿದವು ಉಳಿದವು. ಹನ್ನೆರಡು ತಟ್ಟೆಗಳ ಹುಳುವಿನಲ್ಲಿ ಐದು ತಟ್ಟೆಗಳಷ್ಟು ಗೂಡು ಕಟ್ಟಿದವು. ಕಡಿಮೆಯೇ. ಆದರೆ ಮುಂದಿನ ಸಲ ಹುಳು ತಂದಾಗ ಅವಳು ಏಣಿಯನ್ನು ತಾನಾಗಿಯೇ ಪಕ್ಕದ ಮನೆಗೆ ಕಳುಹಿಸಿದಳು.”

ನೀಲಾಂಬಿಕೆ ನಕ್ಕಳು. ಅವಳು ನಕ್ಕು ಬಹಳ ದಿನಗಳಾಗಿದ್ದವು.

ಗುರುಗಳು ನಗಲಿಲ್ಲ. “ನಿನ್ನ ವೈದ್ಯರು ಮೂರು ತಿಂಗಳ ಮೇಲೆ ಬಾ ಎಂದರು. ಯಾವ ಲಕ್ಷಣ ಕಂಡರೆ ಅದಕ್ಕೂ ಮೊದಲೇ ಬರಬೇಕು ಎಂದು ಹೇಳಿದರೇ?”

“ಇಲ್ಲ.”

“ನೀನು ಕೇಳಿದೆಯಾ?”

“ಇಲ್ಲ. ಏನೂ ಇಲ್ಲ ಎಂದ ಮೇಲೆ ಮತ್ತೆ ಕೇಳಲು ಸಂಕೋಚವಾಯಿತು.”

“ನಾಳೆ ಹೋಗು. ನಾಲ್ಕನೆಯವರಲ್ಲಿಗಲ್ಲ, ಮೊದಲನೆಯವರಲ್ಲಿಗೆ. ಎರಡು ಪ್ರಶ್ನೆ ಬರೆದುಕೊಂಡು ಹೋಗು. ಎಷ್ಟು ದಿನ ಕಾಯಬೇಕು? ಏನು ಕಂಡರೆ ಕಾಯಬಾರದು? ಉತ್ತರ ಬರೆಸಿಕೊಂಡು ಬಾ. ಅವರು ಉತ್ತರಿಸದಿದ್ದರೆ ನಾಲ್ಕನೆಯವರಲ್ಲಿಗೆ ಹೋಗಲು ನನ್ನ ಅಪ್ಪಣೆಯಿದೆ. ಮೈ ನಿನ್ನದು. ಕೇಳುವ ಹಕ್ಕೂ ನಿನ್ನದು. ನಾಡಿದ್ದು ತರಗತಿಗೆ ಬರಬೇಕು. ಎದೆ ಹೊಡೆದುಕೊಂಡರೆ ಕುರ್ಚಿಯಲ್ಲಿ ಕುಳಿತು ಪಾಠ ಹೇಳು. ಮಕ್ಕಳು ನಿನಗಿಂತ ಗಟ್ಟಿಯಾಗಿದ್ದಾರೆ, ಹೆದರುವುದಿಲ್ಲ.”

ಅವಳು ಒಪ್ಪಿದಳು. ಎದ್ದು ನಮಸ್ಕರಿಸಿದಳು. ಬಾಗಿಲವರೆಗೆ ಹೋದವಳು ನಿಂತು ತಿರುಗಿದಳು. ಕಣ್ಣು ತುಂಬಿತ್ತು.

“ಆ ಹೆಂಗಸು ಹುಳುವನ್ನು ಮನೆಯಲ್ಲಿ ಬಿಟ್ಟು ತೋಟಕ್ಕೆ ಹೋಗಬಹುದಿತ್ತು, ಗುರುಗಳೇ. ನಾನು ನನ್ನ ಮೈಯನ್ನು ಬಿಟ್ಟು ಎಲ್ಲಿಗೆ ಹೋಗಲಿ?”

ಗುರುಗಳು ಅವಳ ಎಡಗೈಯ ಮಣಿಕಟ್ಟನ್ನು ನೋಡಿ ಹೇಳಿದರು:

“ಕತೆ ಕೇಳುವಷ್ಟು ಹೊತ್ತು ನೀನು ನಾಡಿ ಹಿಡಿಯಲಿಲ್ಲ, ತಾಯಿ, ಅದು ಬಡಿಯುತ್ತಲೇ ಇತ್ತು.”