ತೆರೆದ ಬಾಗಿಲಲ್ಲಿ ಕೂತ ನಾಯಿ

ಈ ಗುರುವಿಗೆ ಕಾವಿ ಇರಲಿಲ್ಲ, ಆಶ್ರಮವೂ ಇರಲಿಲ್ಲ. ಪೊಲೀಸ್ ಶ್ವಾನದಳದಿಂದ ನಿವೃತ್ತರಾದ ಚೆನ್ನಬಸಯ್ಯ ವಾರಕ್ಕೆ ಮೂರು ದಿನ ಜೈಲಿಗೆ ಬಂದು, ಕೈದಿಗಳಿಗೆ ನಾಯಿ ಪಳಗಿಸುವುದನ್ನು ಕಲಿಸುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು.

ಶಿಷ್ಯ ದ್ಯಾವಪ್ಪ. ಜಗಳದಲ್ಲಿ ಸ್ವಂತ ಅಣ್ಣನನ್ನೇ ಹೊಡೆದು ಕೊಂದು, ಹನ್ನೊಂದು ವರ್ಷದಿಂದ ಒಳಗಿದ್ದವನು. ಕಣ್ಣು ಕಾಣದವರಿಗೆ ದಾರಿ ತೋರಲೆಂದು ಚುಕ್ಕಿ ಎಂಬ ನಾಯಿಯನ್ನು ವರ್ಷವಿಡೀ ತಿದ್ದಿದ್ದ. ಬದುಕಿನಲ್ಲಿ ತಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ನಂಬಿದ್ದ.

ಕಣ್ಣು ಕಾಣದ ಟೀಚರೊಬ್ಬರ ಜೊತೆ ಹೊರಗೆ ಹೋದ ಚುಕ್ಕಿ ಎಂಟನೇ ದಿನಕ್ಕೆ ವಾಪಸು ಬಂತು.

“ಏನಾಯ್ತು ಮೇಷ್ಟ್ರೇ? ಯಾರನ್ನಾದ್ರೂ ಕಚ್ಚಿತಾ?”

“ಇಲ್ಲ. ಬಾಗಿಲು ಕಂಡಲ್ಲೆಲ್ಲ ಕೂತುಬಿಡುತ್ತಂತೆ. ತೆರೆದ ಬಾಗಿಲಲ್ಲೂ. ಪಾಪ, ಆ ಕುರುಡು ಟೀಚರಮ್ಮ ಅದನ್ನ ಎಡವಿ ಬಿದ್ದು ಕೈ ಮುರ್ಕೊಂಡಿದ್ದಾರೆ. ತಿಂಗಳೊಳಗೆ ಇದು ತಿದ್ಕೊಳ್ಳದಿದ್ರೆ ಇನ್ಯಾರೂ ಇದನ್ನ ತಗೊಳ್ಳಲ್ಲ.”

“ದೇವರಾಣೆಗೂ ನಾನು ಹಂಗೆ ಕಲಿಸಿಲ್ಲ! ನಾಯಿ ಬಾಲ ಡೊಂಕೇ ಅಲ್ವಾ, ಅದರ ಬುದ್ಧೀನೇ ಅಷ್ಟು.”

ಮೇಷ್ಟ್ರು ಖಾಲಿ ಬಟ್ಟಲೊಂದನ್ನು ಅವನ ಕೈಗಿಟ್ಟರು.

“ಅಂಗಳದ ನಲ್ಲೀಲಿ ಅದಕ್ಕೆ ನೀರು ಹಿಡ್ಕೊಂಡು ಬಾ.”

ದ್ಯಾವಪ್ಪ ಹೊರಟ. ಚುಕ್ಕಿಯೂ ಹೊರಟಿತು. ತರಬೇತಿ ಶೆಡ್ಡಿನ ಬಾಗಿಲು ಹಾರುಹೊಡೆದಿತ್ತು. ತರಬೇತಿಯ ಹೊತ್ತಿನಲ್ಲಿ ಅಂಗಳಕ್ಕೆ ಹೋಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೂ ಎಂದಿನಂತೆ ಹೊಸ್ತಿಲ ಬಳಿ ಅವನು ನಿಂತ. ಜೈಲಿನ ಬಾಕಿ ಬಾಗಿಲುಗಳಲ್ಲಿ ವಾರ್ಡರ್ ‘ನಡಿ’ ಅನ್ನುವವರೆಗೂ ಹೀಗೇ ನಿಲ್ಲಬೇಕಿತ್ತು.

ನಿಂತೇ ಇದ್ದ. ಆಮೇಲೆ ಪಕ್ಕಕ್ಕೆ ನೋಡಿದ. ಚುಕ್ಕಿ ಕೂತಿತ್ತು.

ಬಟ್ಟಲು ಕೆಳಗಿಟ್ಟು ಅವನೂ ಅಲ್ಲೇ ಕುಸಿದ. ಅಳು ಒತ್ತರಿಸಿ ಬಂತು.

“ಅಣ್ಣನ್ನ ಸಿಟ್ಟಲ್ಲಿ ಹೊಡೆದೆ ಮೇಷ್ಟ್ರೇ. ಇದನ್ನ ಮಗು ಥರ ಸಾಕಿದ್ದೆ. ಇದಕ್ಕೂ ನನ್ನ ಜೈಲನ್ನೇ ಹಚ್ಚಿಬಿಟ್ನಲ್ಲ!”

“ಬಂದಾಗೆಲ್ಲ ನೋಡ್ತಿದ್ದೆ ನಾನು. ನನಗೂ ಹೊಳೀಲಿಲ್ಲ” ಎಂದರು ಮೇಷ್ಟ್ರು.

“ನೀವೇ ಬಿಡಿಸಿ ಇದರ ಚಾಳೀನ. ನನಗೆ ಕೊಡಬೇಡಿ. ನಾನು ಮುಟ್ಟಿದ್ದೆಲ್ಲ ಹಾಳು.”

ಮೇಷ್ಟ್ರು ಹೊಸ್ತಿಲು ದಾಟಿ ಹೊರಗೆ ನಿಂತರು.

“ಚುಕ್ಕಿ, ಬಾ.”

ಅದು ಅಲುಗಲಿಲ್ಲ. ದ್ಯಾವಪ್ಪನ ಮುಖವನ್ನೇ ನೋಡುತ್ತಿತ್ತು.

ಮೇಷ್ಟ್ರು ಇನ್ನೊಮ್ಮೆ ಕರೆದರು. ಆಗಲೂ ಬರಲಿಲ್ಲ.

“ನನ್ನ ಮಾತು ಅದಕ್ಕೆ ಬೇಡ ಕಣಪ್ಪ. ನೀನು ಎದ್ದು ಬರೋದನ್ನೇ ಕಾಯ್ತಾ ಇದೆ.”